ನಗರದ ಯಂತ್ರಗಳೂ ವೃದ್ಧರ ನಡಿಗೆಯೂ

ಕೇಂದ್ರ ಸರಕಾರದವರು ೨೦೧೫ನೆಯ ಇಸವಿಯ ಜೂನ್ ತಿಂಗಳಲ್ಲಿ ಆರಂಭಿಸಿದ ಸ್ಮಾರ್ಟ್ ಸಿಟಿ ಯೋಜನೆಯು ೨೦೨೫ನೆಯ ಮಾರ್ಚ್ ೩೧ಕ್ಕೆ ಮುಕ್ತಾಯವಾಯಿತು. ದೇಶದ ನೂರು ನಗರಗಳು ಆ ಯೋಜನೆಯೊಳಗೆ ಸೇರಿದ್ದವು. ಸುಮಾರು ಎಂಟು ಸಾವಿರ ಕಾಮಗಾರಿಗಳಿಗೆ ಒಂದೂವರೆ ಲಕ್ಷ ಕೋಟಿ ರೂಪಾಯಿಗೂ ಮಿಕ್ಕ ಹಣವು ಗೊತ್ತಾಗಿದ್ದಿತು. ಕರ್ನಾಟಕದ ಪಾಲಿಗೆ ದಾವಣಗೆರೆ, ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು, ಬೆಂಗಳೂರು ಎಂಬ ಏಳು ನಗರಗಳು ಬಂದವು. ಮನೆಯಲ್ಲಿ ಮದುವೆಯ ಗದ್ದಲ ಮುಗಿದು ನೆಂಟರಿಷ್ಟರೆಲ್ಲ ಹೊರಟುಹೋದ ಮೇಲೆ ಯಜಮಾನನು ಲೆಕ್ಕದ ಪುಸ್ತಕವನ್ನು ತೆಗೆದು ಕುಳಿತುಕೊಳ್ಳುವುದು ನಮ್ಮಲ್ಲಿಯ ರೂಢಿ. ಈ ಯೋಜನೆಯ ಲೆಕ್ಕವನ್ನೂ ಹಲವರು ಹಲವು ಬಗೆಯಿಂದ ತೆಗೆಯುತ್ತಿರುವರು. ನಾವು ಇಂದು ಅದರೊಳಗಿನ ಒಂದೇ ಕಲಮನ್ನು ವಾಚಕರ ಮುಂದಿಡಲು ಬಯಸುತ್ತೇವೆ. ಅರವತ್ತು ದಾಟಿದ ಮನುಷ್ಯನು ತನ್ನ ಮನೆಯ ಹೊಸ್ತಿಲಿನಿಂದ ಹೊರಟು, ಬ್ಯಾಂಕಿಗೋ ಆಸ್ಪತ್ರೆಗೋ ದೇವಸ್ಥಾನಕ್ಕೋ ಹೋಗಿ, ಪರರ ಕೈಯನ್ನು ಹಿಡಿಯದೆ ಸುಖವಾಗಿ ಮರಳಿ ಬರುವ ಕಾರ್ಯವು ಈ ಹತ್ತು ವರ್ಷಗಳಲ್ಲಿ ಎಷ್ಟು ಸುಲಭವಾಯಿತು?

ಈ ಪ್ರಶ್ನೆಯು ಅಲ್ಪಸ್ವಲ್ಪ ಜನರಿಗೆ ಸಂಬಂಧಿಸಿದುದಲ್ಲ. ೨೦೧೧ನೆಯ ಜನಗಣತಿಯಲ್ಲಿಯೇ ಅರವತ್ತಕ್ಕೆ ಮೇಲ್ಪಟ್ಟವರ ಸಂಖ್ಯೆಯು ದೇಶದಲ್ಲಿ ಹತ್ತು ಕೋಟಿಯನ್ನು ಮೀರಿದ್ದಿತು. ಕರ್ನಾಟಕದಲ್ಲಿ ಅವರು ಒಟ್ಟು ಜನರಲ್ಲಿ ಶೇಕಡ ಒಂಬತ್ತೂವರೆಯಷ್ಟು ಇದ್ದರು. ಅನಂತರದ ವರ್ಷಗಳಲ್ಲಿ ಆಯುಸ್ಸು ಬೆಳೆದಿದೆ, ಜನನ ಪ್ರಮಾಣ ಇಳಿದಿದೆ. ಆದುದರಿಂದ ಈ ಪ್ರಮಾಣವು ಏರುತ್ತಲೇ ಇರುವುದೆಂಬುದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಹಿಂದೆ ಒಂದು ಮನೆಯಲ್ಲಿ ನಾಲ್ಕು ಜನ ಮಕ್ಕಳಿದ್ದರೆ ಔಷಧ ತರಲು ಒಬ್ಬನು ಓಡುತ್ತಿದ್ದನು, ಅಂಚೆ ಕಚೇರಿಗೆ ಇನ್ನೊಬ್ಬನು ಹೋಗುತ್ತಿದ್ದನು. ಇಂದು ಒಬ್ಬನೇ ಮಗನು ಪರಸ್ಥಳದಲ್ಲಿ ಉದ್ಯೋಗದಲ್ಲಿರುವನು, ಮಗಳು ಸಮುದ್ರದಾಚೆಗಿರುವಳು, ದಂಪತಿಗಳಿಬ್ಬರೇ ಮನೆಯಲ್ಲಿ ಉಳಿದಿರುವರು. ತಮ್ಮ ಕೆಲಸವನ್ನು ತಮ್ಮ ಕಾಲಿನಿಂದಲೇ ಪೂರೈಸಿಕೊಳ್ಳಬೇಕಾದ ಅವರಿಗೆ ಬೀದಿಯು ದಾಟಲು ಅಸಾಧ್ಯವಾದರೆ, ಮನೆಯೇ ಸೆರೆಮನೆಯಾಗುವುದರಲ್ಲಿ ಸಂದೇಹವಿಲ್ಲ.

ಕಳೆದ ನವೆಂಬರಿನಲ್ಲಿ ನಮ್ಮ ಕಾರ್ಯಾಲಯದ ಸಮೀಪದ ಒಂದು ಚೌಕದಲ್ಲಿ ನಾವು ಅರ್ಧ ಗಂಟೆ ನಿಂತು ನೋಡಿದೆವು. ನವೆಂಬರೆಂದರೆ ಸರಕಾರದ ಪಿಂಚಣಿದಾರರು ತಾವು ಜೀವಂತವಾಗಿರುವೆವೆಂದು ವರ್ಷಕ್ಕೊಮ್ಮೆ ಪ್ರಮಾಣಪತ್ರ ಕೊಡುವ ತಿಂಗಳು. ಬಸ್ಸಿನ ನಿಲ್ದಾಣವು ರಸ್ತೆಯ ಈಚೆಗೆ, ಬ್ಯಾಂಕು ಆಚೆಗೆ. ಹಸಿರು ದೀಪವು ಹೊತ್ತಿದೊಡನೆ ಕಾಲೇಜಿನ ಹುಡುಗರು ಮಾತನಾಡುತ್ತಲೇ ದಾಟಿಹೋದರು. ಎಡಗೈಯಲ್ಲಿ ಕಾಗದಪತ್ರಗಳ ಚೀಲ, ಬಲಗೈಯಲ್ಲಿ ಕೋಲು ಹಿಡಿದ ವೃದ್ಧರೊಬ್ಬರು ಕಾಲುದಾರಿಯ ಎತ್ತರವಾದ ಅಂಚಿನಿಂದ ಕೆಳಗಿಳಿಯುವುದರಲ್ಲಿಯೇ ಮೂರು ನಾಲ್ಕು ಸೆಕೆಂಡುಗಳನ್ನು ಕಳೆದರು. ಅವರು ನಡುರಸ್ತೆಯನ್ನು ಮುಟ್ಟುವಷ್ಟರಲ್ಲಿ ದೀಪವು ಮಿನುಗತೊಡಗಿತು. ಸಾಲಾಗಿ ನಿಂತಿದ್ದ ಮೋಟಾರು ಬೈಸಿಕಲ್ಲುಗಳು ಗುರುಗುಟ್ಟತೊಡಗಿದವು. "ಯಜಮಾನರೆ, ಸ್ವಲ್ಪ ಬೇಗ ಬನ್ನಿ" ಎಂದು ಪೋಲೀಸಿನವನು ಕೂಗಿದನು. ಆತನ ಮಾತಿನಲ್ಲಿ ಒರಟುತನವಿರಲಿಲ್ಲ. ಆದರೆ ಬೇಗ ಬರುವುದು ಆ ವೃದ್ಧರ ಕೈಯಲ್ಲಿರಲಿಲ್ಲ. ತಾನು ಬದುಕಿರುವೆನೆಂದು ಬರೆದುಕೊಡಲು ಹೊರಟವನು, ಆ ಪತ್ರವನ್ನು ಮುಟ್ಟಿಸುವ ದಾರಿಯಲ್ಲಿ ಬದುಕನ್ನೇ ಪಣಕ್ಕೆ ಒಡ್ಡಬೇಕಾಗಿ ಬಂದರೆ, ಅಂತಹ ನಗರವನ್ನು ಯಾವ ಅರ್ಥದಲ್ಲಿ ಜಾಣ ನಗರವೆಂದು ಕರೆಯಬೇಕು?

ಇಲ್ಲಿ ತಪ್ಪು ಯಾರದು? ದೀಪದ ಪೆಟ್ಟಿಗೆಯೊಳಗಿನ ಗಣಿತದ್ದೆಂದು ನಾವು ಹೇಳುತ್ತೇವೆ. ಮನುಷ್ಯನು ಸೆಕೆಂಡಿಗೆ ೧.೨ ಮೀಟರು ನಡೆಯುವನೆಂದು ಹಿಡಿದು ದಾಟುವ ದೀಪದ ಅವಧಿಯನ್ನು ಗೊತ್ತುಮಾಡುವುದು ಅನೇಕ ದೇಶಗಳಲ್ಲಿ ಬಹುಕಾಲದಿಂದ ಬಂದ ಪದ್ಧತಿ. ನಮ್ಮ ಇಂಜಿನಿಯರುಗಳಲ್ಲಿಯೂ ಇದೇ ಎಣಿಕೆಯು ರೂಢಿಯಲ್ಲಿದೆ. ಈ ಎಣಿಕೆಯು ಯಾರ ಕಾಲಿನದು? ಇಂಗ್ಲೆಂಡಿನ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಪರಿಶೀಲಿಸಿ ಅಲ್ಲಿಯ ವಿದ್ವಾಂಸರು ೨೦೧೨ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಅರವತ್ತೈದು ದಾಟಿದ ಗಂಡಸರು ಸರಾಸರಿ ಸೆಕೆಂಡಿಗೆ ೦.೯ ಮೀಟರು, ಹೆಂಗಸರು ೦.೮ ಮೀಟರು ಮಾತ್ರ ನಡೆಯುವರೆಂದೂ, ಗಂಡಸರಲ್ಲಿ ನೂರಕ್ಕೆ ೭೬, ಹೆಂಗಸರಲ್ಲಿ ನೂರಕ್ಕೆ ೮೫ ಜನರು ಆ ಗೊತ್ತಾದ ವೇಗವನ್ನು ಮುಟ್ಟಲಾರರೆಂದೂ ಅದರಿಂದ ಸಿದ್ಧವಾಯಿತು. ಅಂದರೆ ಹಿಂದುಳಿಯುವವರು ವೃದ್ಧರಲ್ಲಿ ಕೆಲವರಲ್ಲ, ಬಹುಮಂದಿ. ಅಮೆರಿಕದವರು ತಮ್ಮ ಎಣಿಕೆಯನ್ನು ೨೦೦೯ರಲ್ಲಿಯೇ ಸೆಕೆಂಡಿಗೆ ನಾಲ್ಕು ಅಡಿಯಿಂದ ಮೂರೂವರೆ ಅಡಿಗೆ ಇಳಿಸಿಕೊಂಡರು.

ಈ ಭೇದವನ್ನು ಒಂದು ರಸ್ತೆಗೆ ಅನ್ವಯಿಸಿ ನೋಡಬಹುದು. ನಾಲ್ಕು ಸಾಲು ವಾಹನಗಳು ಓಡುವ ಹದಿನಾಲ್ಕು ಮೀಟರು ಅಗಲದ ರಸ್ತೆಯನ್ನು ಪುಸ್ತಕದ ಮನುಷ್ಯನು ಹನ್ನೆರಡು ಸೆಕೆಂಡುಗಳೊಳಗೆ ದಾಟುವನು. ನಮ್ಮ ಮನೆಯ ಅಜ್ಜಿಗೆ ಹದಿನೇಳೂವರೆ ಸೆಕೆಂಡು ಬೇಕು. ಪುಸ್ತಕದ ಮನುಷ್ಯನಿಗೆಂದು ಲೆಕ್ಕಹಾಕಿದ ಹೊತ್ತು ಮುಗಿದಾಗ ಆಕೆಗೆ ಇನ್ನೂ ನಾಲ್ಕು ಮೀಟರಿಗಿಂತ ಹೆಚ್ಚು ದಾರಿ ಉಳಿದಿರುತ್ತದೆ. ಎಂದರೆ ಕೊನೆಯ ಸಾಲಿನ ವಾಹನಗಳ ಎದುರಿಗೇ ಆಕೆಯು ನಿಂತಿರುತ್ತಾಳೆ. ಕೊರತೆಯಾದುದು ಸುಮಾರು ಆರು ಸೆಕೆಂಡು. ನಮ್ಮ ದೇಶದ ರಸ್ತೆಗಳಲ್ಲಿ ೨೦೨೨ರ ಒಂದೇ ವರ್ಷದಲ್ಲಿ ಅಪಘಾತದಿಂದ ಸತ್ತವರು ೧,೬೮,೪೯೧ ಜನರೆಂದೂ, ಅವರಲ್ಲಿ ೩೨,೮೨೫ ಜನರು ಕಾಲ್ನಡಿಗೆಯವರೆಂದೂ ಕೇಂದ್ರ ಸರಕಾರದ ವರದಿಯೇ ಹೇಳುತ್ತದೆ. ಐವರಲ್ಲಿ ಒಬ್ಬನು ಯಾವ ವಾಹನವನ್ನೂ ಏರದೆ ಸತ್ತವನು.

ಈ ಕೊರತೆಯನ್ನು ತುಂಬಿಕೊಡುವ ಯಂತ್ರವು ಲೋಕದಲ್ಲಿ ಇಲ್ಲದಿಲ್ಲ. ಸಿಂಗಪುರದ ಸಾರಿಗೆ ಇಲಾಖೆಯವರು ೨೦೦೯ರಲ್ಲಿ "ಗ್ರೀನ್ ಮ್ಯಾನ್ ಪ್ಲಸ್" ಎಂಬ ಏರ್ಪಾಡನ್ನು ಪ್ರಾರಂಭಿಸಿದರು. ಬಸ್ಸು ರೈಲುಗಳಲ್ಲಿ ರಿಯಾಯಿತಿ ಪಡೆಯಲು ವೃದ್ಧರಿಗೆ ಕೊಟ್ಟಿರುವ ಕಾರ್ಡನ್ನೇ ಅವರು ದೀಪದ ಕಂಬದ ಮೇಲಿನ ಪೆಟ್ಟಿಗೆಗೆ ತಗುಲಿಸಿದರೆ, ಹಸಿರು ದೀಪದ ಅವಧಿಯು ರಸ್ತೆಯ ಅಗಲಕ್ಕೆ ತಕ್ಕಂತೆ ಮೂರರಿಂದ ಹದಿಮೂರು ಸೆಕೆಂಡುಗಳವರೆಗೆ ಹೆಚ್ಚುತ್ತದೆ. ಅಂಗವಿಕಲರಿಗೂ ಇದೇ ಬಗೆಯ ಕಾರ್ಡು ಉಂಟು. ಆ ಪುಟ್ಟ ದ್ವೀಪದಲ್ಲಿ ಇಂದು ಸಾವಿರಕ್ಕೂ ಹೆಚ್ಚು ಕಡೆಗಳಲ್ಲಿ ಈ ಪೆಟ್ಟಿಗೆಗಳಿವೆ. ಇಷ್ಟರಿಂದಲೇ ತೃಪ್ತರಾಗದೆ, ೨೦೧೪ರಿಂದ ವೃದ್ಧರು ಹೆಚ್ಚಾಗಿ ವಾಸಿಸುವ ಬಡಾವಣೆಗಳನ್ನು "ಸಿಲ್ವರ್ ಜೋನ್" ಎಂದು ಗುರುತಿಸಿ, ವಾಹನಗಳ ವೇಗವನ್ನು ಕಡಿಮೆಗೊಳಿಸಿ, ರಸ್ತೆಯನ್ನು ಬೇಕೆಂದೇ ಸ್ವಲ್ಪ ಬಳುಕಿಸಿ, ನಡುವೆ ನಿಂತು ದಣಿವಾರಿಸಿಕೊಳ್ಳಲು ಜಗಲಿಯಂತಹ ಸ್ಥಳವನ್ನು ಮಾಡಿಕೊಟ್ಟರು. ಅಜ್ಜಿಯು ಅರ್ಧ ರಸ್ತೆಯನ್ನು ಒಂದು ಸಲ, ಉಳಿದರ್ಧವನ್ನು ಇನ್ನೊಂದು ಸಲ ದಾಟಬಹುದು.

ಬ್ರಿಟನ್ನಿನವರ ಪದ್ಧತಿಯು ಇನ್ನೊಂದು ಬಗೆಯದು. ಅವರು "ಪಫಿನ್" ಎಂದು ಕರೆಯುವ ದಾಟುದಾರಿಗಳಲ್ಲಿ ಜನರು ರಸ್ತೆಯ ಮೇಲೆ ಇನ್ನೂ ಇರುವರೋ ಇಲ್ಲವೋ ಎಂಬುದನ್ನು ಯಂತ್ರದ ಕಣ್ಣು ನೋಡುತ್ತಿರುತ್ತದೆ. ನಿಧಾನವಾಗಿ ನಡೆಯುವವನು ನಡುವಿನಲ್ಲಿದ್ದರೆ ವಾಹನಗಳಿಗೆ ಕೆಂಪು ದೀಪವು ಕೆಲವು ಸೆಕೆಂಡು ಹೆಚ್ಚಾಗಿ ಉಳಿಯುತ್ತದೆ. ಇವೆರಡರಲ್ಲಿ ನಮಗೆ ಎರಡನೆಯದೇ ಹೆಚ್ಚು ಮನಸ್ಸಿಗೆ ಬರುತ್ತದೆ. ಮೊದಲನೆಯದರಲ್ಲಿ ಮುದುಕನು ಕಾರ್ಡನ್ನು ಪಡೆಯಬೇಕು, ನೆನಪಿನಿಂದ ಜೇಬಿನಲ್ಲಿ ಇಟ್ಟುಕೊಳ್ಳಬೇಕು, ಕಂಬವನ್ನು ಹುಡುಕಬೇಕು. ಅಂದರೆ ತನ್ನ ವಾರ್ಧಕ್ಯಕ್ಕಾಗಿ ಪ್ರತಿ ಚೌಕದಲ್ಲಿಯೂ ಅರ್ಜಿ ಹಾಕಿಕೊಳ್ಳಬೇಕು. ಎರಡನೆಯದರಲ್ಲಿ ಆತನು ಕೇಳಬೇಕಾದುದೇ ಇಲ್ಲ. ಯಂತ್ರವು ಕಂಡು ಕೊಡುತ್ತದೆ. ಮನೆಗೆ ಬಂದ ಹಿರಿಯರು ನೀರು ಕೇಳುವ ಮೊದಲೇ ತಂಬಿಗೆಯನ್ನು ಮುಂದಿಡುವ ಮರ್ಯಾದೆಯು ನಮ್ಮವರಿಗೆ ಹೊಸದಲ್ಲ.

ಪರದೇಶದ ಮಾತನ್ನು ಇಷ್ಟಕ್ಕೇ ಬಿಟ್ಟು ನಮ್ಮ ನಾಡಿಗೆ ಬರೋಣ. ಬೆಂಗಳೂರಿನ ಅನೇಕ ಚೌಕಗಳಲ್ಲಿ ೨೦೨೪ರಿಂದೀಚೆಗೆ ಹೊಸ ಬಗೆಯ ಸಿಗ್ನಲುಗಳು ಬಂದಿವೆ. ಕ್ಯಾಮೆರಾಗಳು ಪ್ರತಿ ದಿಕ್ಕಿನಲ್ಲಿ ನಿಂತ ವಾಹನಗಳ ಸಾಲನ್ನು ಅಳೆಯುತ್ತವೆ. ಸಾಲು ಉದ್ದವಾಗಿದ್ದ ಕಡೆಗೆ ಹಸಿರು ದೀಪವು ತಾನಾಗಿಯೇ ಹೆಚ್ಚು ಹೊತ್ತು ಉರಿಯುತ್ತದೆ, ರಸ್ತೆಯು ಬರಿದಾಗಿದ್ದ ಕಡೆಗೆ ಕಡಿಮೆಯಾಗುತ್ತದೆ. ಇದಕ್ಕೆ ಬೇಕಾದ ಗಣಿತವನ್ನು ರಚಿಸಿದವರು ಪರಕೀಯರಲ್ಲ, ನಮ್ಮ ದೇಶದ್ದೇ ಆದ ಸಿ-ಡ್ಯಾಕ್ ಸಂಸ್ಥೆಯವರು ಎಂಬುದು ಅಭಿಮಾನದ ಸಂಗತಿ. ಆದರೆ ವಾಚಕರು ಒಂದನ್ನು ಗಮನಿಸಬೇಕು. ಸಿಗ್ನಲಿನ ಅವಧಿಯು ಕಲ್ಲಿನಲ್ಲಿ ಕೆತ್ತಿದ ಶಾಸನವೆಂಬ ಸಬೂಬು ಇನ್ನು ಮೇಲೆ ನಡೆಯಲಾರದು. ಮೋಟಾರು ಕಾರಿನ ಸಾಲಿಗಾಗಿ ದೀಪವು ಇಪ್ಪತ್ತು ಸೆಕೆಂಡು ಕಾಯಬಲ್ಲುದಾದರೆ, ಕೋಲೂರಿದ ಮನುಷ್ಯನಿಗಾಗಿ ಆರು ಸೆಕೆಂಡು ಕಾಯಲಾರದೇಕೆ? ವಾಹನವನ್ನು ಎಣಿಸಲು ಕಲಿಸಿದ ಕಣ್ಣಿಗೆ ಮನುಷ್ಯನನ್ನು ಕಾಣಲು ಕಲಿಸುವುದು ಅಸಾಧ್ಯವಾದ ವಿದ್ಯೆಯಲ್ಲ. ಇಲ್ಲಿ ಕೊರತೆಯಿರುವುದು ಜ್ಞಾನದ್ದೂ ಅಲ್ಲ, ಯಂತ್ರದ್ದೂ ಅಲ್ಲ. ಯಾರನ್ನು ಎಣಿಸಬೇಕೆಂಬ ನಿಶ್ಚಯದ್ದು.

ಇದಕ್ಕೆ ಬರುವ ಆಕ್ಷೇಪಗಳನ್ನು ನಾವು ಅರಿಯದವರಲ್ಲ. ವಾಹನಗಳ ದಟ್ಟಣೆಯು ಈಗಾಗಲೇ ಉಸಿರು ಕಟ್ಟಿಸುತ್ತಿರುವಾಗ ಇನ್ನಷ್ಟು ಹೊತ್ತು ತಡೆದರೆ ಗತಿಯೇನು ಎಂದು ಸಂಚಾರದ ಅಧಿಕಾರಿಗಳು ಕೇಳಬಹುದು. ಎರಡು ನಿಮಿಷಗಳ ಒಂದು ಸುತ್ತಿನಲ್ಲಿ ಆರು ಸೆಕೆಂಡು ಎಂದರೆ ಇಪ್ಪತ್ತರಲ್ಲಿ ಒಂದು ಪಾಲು. ಅದೂ ಪ್ರತಿ ಸುತ್ತಿಗಲ್ಲ, ನಿಧಾನವಾಗಿ ನಡೆಯುವವರು ಬಂದಾಗ ಮಾತ್ರ. ನಮ್ಮಲ್ಲಿ ದೀಪಕ್ಕೆ ಮರ್ಯಾದೆ ಕೊಡುವವರೆಷ್ಟು ಜನ ಎಂಬ ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. ಹಸಿರು ದೀಪವನ್ನು ನಂಬಿ ಕಾಲಿಟ್ಟ ಮುದುಕನ ಎದುರಿಗೇ ಎಡಕ್ಕೆ ತಿರುಗುವ ವಾಹನವು ನುಗ್ಗುವ ಊರಿನಲ್ಲಿ, ಹೆಚ್ಚಾಗಿ ಕೊಟ್ಟ ಸೆಕೆಂಡುಗಳು ಕಾಗದದ ಮೇಲಿನ ದಾನವಾಗಬಹುದು. ಇದು ನಿಜ. ಅದಕ್ಕಾಗಿಯೇ ಯಂತ್ರದ ಜೊತೆಗೆ ದಂಡವೂ ಇರಬೇಕೆನ್ನುತ್ತೇವೆ. ತಲೆಗೆ ಹೆಲ್ಮೆಟ್ಟಿಲ್ಲದವನ ಚಿತ್ರವನ್ನು ತೆಗೆದು ಮನೆಗೆ ದಂಡದ ಚೀಟಿ ಕಳುಹಿಸುವ ಕ್ಯಾಮೆರಾ, ದಾಟುವವರ ಪಟ್ಟೆಗಳ ಮೇಲೆ ವಾಹನವನ್ನು ನಿಲ್ಲಿಸಿದವನನ್ನೂ ಅಷ್ಟೇ ಶ್ರದ್ಧೆಯಿಂದ ಹಿಡಿಯಲಿ.

ಮೊಬೈಲು ಫೋನಿನ ಮಾತನ್ನೂ ಇಲ್ಲಿ ಎತ್ತಬೇಕಾಗಿದೆ. ಈಗ ನಗರದ ಸೌಕರ್ಯಗಳೆಲ್ಲ ಫೋನಿನೊಳಗೆ ಸೇರುತ್ತಿವೆ. ಬಸ್ಸು ಎಲ್ಲಿದೆ, ಎಷ್ಟು ಹೊತ್ತಿಗೆ ಬರುವುದು ಎಂಬುದನ್ನು ಬೆಂಗಳೂರಿನ ಬಿಎಂಟಿಸಿಯವರು ಫೋನಿನ ಮೂಲಕ ತಿಳಿಸುತ್ತಿರುವರು. ಪಿಂಚಣಿದಾರರ ಜೀವನ ಪ್ರಮಾಣಪತ್ರವನ್ನು ೨೦೧೪ರಿಂದ ಬೆರಳಚ್ಚಿನ ಮೂಲಕವೂ, ೨೦೨೧ರಿಂದ ಮುಖವನ್ನು ತೋರಿಸಿಯೂ ಮನೆಯಲ್ಲಿಯೇ ಸಲ್ಲಿಸಬಹುದಾಗಿದೆ. ಇವು ಉಪಕಾರಕವಾದ ಕಾರ್ಯಗಳೇ ಸರಿ. ಬಿಸಿಲಿನಲ್ಲಿ ಮುಕ್ಕಾಲು ಗಂಟೆ ನಿಲ್ಲುವುದು ಉಳಿದರೆ ಮುದುಕನಿಗೆ ಅದಕ್ಕಿಂತ ದೊಡ್ಡ ಲಾಭವಿಲ್ಲ. ಆದರೆ ಫೋನನ್ನು ಬಳಸಲು ಬಾರದವನು, ಕಣ್ಣಿನ ಪೊರೆಯಿಂದ ಸಣ್ಣ ಅಕ್ಷರವನ್ನು ಓದಲಾರದವನು, ಫೋನೇ ಇಲ್ಲದ ವಿಧವೆ, ಇವರೂ ನಗರದ ಪ್ರಜೆಗಳೇ ಅಲ್ಲವೆ? ಫೋನಿಗೆ ತಿಳಿದಿರುವ ಸಂಗತಿಯನ್ನು ನಿಲ್ದಾಣದ ಹಲಗೆಯ ಮೇಲೆ ದೊಡ್ಡ ಕನ್ನಡ ಅಕ್ಷರಗಳಲ್ಲಿ ತೋರಿಸಿ, ಬಾಯಿಂದಲೂ ನುಡಿಸಿದರೆ ಎಲ್ಲರಿಗೂ ಮುಟ್ಟುವುದು. ಇನ್ನು ಬಸ್ಸಿನ ಹೊತ್ತನ್ನು ನಿಖರವಾಗಿ ಹೇಳಿ, ಅದರ ಮೆಟ್ಟಿಲನ್ನು ಮೊಣಕಾಲಿನೆತ್ತರಕ್ಕೆ ಇಟ್ಟರೆ, ಮೊಣಕಾಲು ನೋವಿನವನಿಗೆ ಆ ನಿಖರತೆಯಿಂದ ದೊರೆಯುವುದು ತನ್ನನ್ನು ಬಿಟ್ಟುಹೋಗುವ ಬಸ್ಸಿನ ವೇಳೆ ಮಾತ್ರ.

ಈ ಕಾರಣದಿಂದ ಹುಬ್ಬಳ್ಳಿ-ಧಾರವಾಡದ ಅನುಭವವು ವಿಚಾರಕ್ಕೆ ಯೋಗ್ಯವಾಗಿದೆ. ೨೦೧೮ರಲ್ಲಿ ಅಲ್ಲಿ "ಚಿಗರಿ" ಬಸ್ಸುಗಳು ಪ್ರತ್ಯೇಕ ಪಥದಲ್ಲಿ ಓಡಲಾರಂಭಿಸಿದಾಗ, ನಿಲ್ದಾಣದ ಜಗಲಿಯನ್ನು ಬಸ್ಸಿನ ನೆಲದ ಮಟ್ಟಕ್ಕೇ ಕಟ್ಟಿದರು. ಮೆಟ್ಟಿಲು ಹತ್ತದೆ, ಕೋಣೆಯಿಂದ ಕೋಣೆಗೆ ಹೋದಂತೆ ಬಸ್ಸಿನೊಳಗೆ ಕಾಲಿಡುವ ಆ ಏರ್ಪಾಡು ವೃದ್ಧರ ಪಾಲಿಗೆ ನೂರು ಕ್ಯಾಮೆರಾಗಳಿಗಿಂತ ಮೇಲು. ಆದರೆ ಆ ನಿಲ್ದಾಣಗಳಿರುವುದು ನಡುರಸ್ತೆಯಲ್ಲಿ. ಅವುಗಳನ್ನು ಮುಟ್ಟಬೇಕಾದರೆ ವೇಗವಾಗಿ ಓಡುವ ವಾಹನಗಳ ಅರ್ಧ ರಸ್ತೆಯನ್ನು ಮೊದಲು ದಾಟಬೇಕು. ಒಳಗಿನ ಸೌಖ್ಯವು ಹೊರಗಿನ ಆ ಕೆಲವು ಹೆಜ್ಜೆಗಳನ್ನು ಆಶ್ರಯಿಸಿದೆ. ಪ್ರಯಾಣವೆಂಬುದು ಸರಪಳಿ, ಮನೆಯ ಬಾಗಿಲಿನಿಂದ ಹೋಗಬೇಕಾದ ಸ್ಥಳದವರೆಗೆ ಒಂದು ಕೊಂಡಿ ಕಳಚಿದರೂ ಉಳಿದುದೆಲ್ಲ ವ್ಯರ್ಥ.

ಸರಪಳಿಯ ಮೊದಲ ಕೊಂಡಿಯೇ ಕಾಲುದಾರಿ. ಜನವಸತಿಯ ಬೀದಿಗಳಲ್ಲಿಯೂ ಅಡೆತಡೆಯಿಲ್ಲದ ೧.೮ ಮೀಟರು ಅಗಲದ ಕಾಲುದಾರಿ ಇರಬೇಕೆಂದೂ, ಅದರ ಅಂಚು ನೂರೈವತ್ತು ಮಿಲಿಮೀಟರಿಗಿಂತ ಎತ್ತರವಾಗಬಾರದೆಂದೂ ಭಾರತೀಯ ರೋಡ್ ಕಾಂಗ್ರೆಸ್ಸಿನ ನಿಯಮಗಳು ವಿಧಿಸಿವೆ. ನಮ್ಮ ಊರುಗಳಲ್ಲಿ ಇದು ಎಷ್ಟು ಕಡೆ ನಡೆದಿದೆಯೆಂಬುದನ್ನು ವಾಚಕರು ಸಂಜೆಯ ತಿರುಗಾಟದಲ್ಲಿ ತಾವೇ ಅಳೆಯಬಹುದು. ಅಂಧರ ಕಾಲಿಗೆ ತಿಳಿಯುವಂತೆ ಉಬ್ಬು ಗೆರೆಗಳುಳ್ಳ ಕಲ್ಲುಗಳನ್ನು ಕಂಡುಹಿಡಿದವರು ಜಪಾನಿನ ಸೆಯಿಚಿ ಮಿಯಾಕೆ. ೧೯೬೭ರಲ್ಲಿ ಒಕಾಯಾಮಾ ನಗರದ ಬೀದಿಯಲ್ಲಿ ಮೊದಲ ಬಾರಿಗೆ ಅವುಗಳನ್ನು ಹಾಸಿದರು. ವಿದ್ಯುತ್ತು ಬೇಡದ, ಕೆಡದ, ಯಾರಿಗೂ ಕಲಿಸಬೇಕಾಗದ ಯಂತ್ರವದು. ನಮ್ಮಲ್ಲಿಯೂ ಆ ಹಳದಿ ಕಲ್ಲುಗಳು ಬಂದಿವೆ. ಆದರೆ ಅವುಗಳ ಸಾಲು ನೇರವಾಗಿ ವಿದ್ಯುತ್ ಕಂಬಕ್ಕೆ ಹೋಗಿ ಮುಟ್ಟುವುದನ್ನೂ ನಾವು ಕಣ್ಣಾರೆ ಕಂಡಿದ್ದೇವೆ. ಕಲ್ಲನ್ನು ಹಾಸಿದವನಿಗೆ ಬಿಲ್ಲು ಪಾವತಿಯಾಯಿತು. ಕಲ್ಲು ಏಕೆಂದು ಆತನಿಗೆ ಹೇಳಿದವರಿರಲಿಲ್ಲ. ೨೦೨೫ನೆಯ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಡೆತಡೆಯಿಲ್ಲದ ಕಾಲುದಾರಿಯು ಸಂವಿಧಾನದ ೨೧ನೆಯ ಅನುಚ್ಛೇದದೊಳಗಿನ ಜೀವಿಸುವ ಹಕ್ಕಿಗೆ ಸೇರಿದುದೆಂದು ಸ್ಪಷ್ಟಪಡಿಸಿತು. ಆದುದರಿಂದ ಇದು ಇನ್ನು ಪುರಸಭೆಯವರು ಮನಸ್ಸು ಬಂದರೆ ಮಾಡುವ ಉಪಕಾರವಲ್ಲ. ಪ್ರಜೆಗೆ ಸಲ್ಲಬೇಕಾದ ಋಣ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಆಸ್ಪತ್ರೆ, ಬ್ಯಾಂಕು, ದೇವಸ್ಥಾನ, ಮಾರುಕಟ್ಟೆ, ಬಸ್ಸಿನ ನಿಲ್ದಾಣಗಳ ಹತ್ತಿರದ ಸಿಗ್ನಲುಗಳ ಅವಧಿಯನ್ನು ಸೆಕೆಂಡಿಗೆ ೦.೮ ಮೀಟರಿನ ಲೆಕ್ಕದಿಂದ ತಿರುಗಿ ಗೊತ್ತುಮಾಡಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಟೆಂಡರು ಬೇಡ. ಒಬ್ಬ ಇಂಜಿನಿಯರು, ಒಂದು ಅಳತೆಯ ಪಟ್ಟಿ, ಒಂದು ಆಜ್ಞೆ ಸಾಕು. ಎರಡನೆಯದಾಗಿ, ಹೊಸ ಸಿಗ್ನಲುಗಳ ಕ್ಯಾಮೆರಾಗಳಿಗೆ ವಾಹನದಂತೆ ಕಾಲ್ನಡಿಗೆಯವರನ್ನೂ ಗಣಿಸುವ ಕಾರ್ಯವನ್ನು ಕರಾರಿನಲ್ಲಿಯೇ ವಿಧಿಸಬೇಕು. ಮೂರನೆಯದಾಗಿ, ಏಳು ನಗರಗಳಲ್ಲಿ ಈ ಯೋಜನೆಯಿಂದ ಕಟ್ಟಿದ ನಿಯಂತ್ರಣ ಕೇಂದ್ರಗಳ ಗೋಡೆಗಳ ಮೇಲೆ ಬೀದಿಗಳ ಚಿತ್ರವು ಹಗಲಿರುಳೂ ಹರಿಯುತ್ತದೆ. ಅಲ್ಲಿ ಕುಳಿತವರಿಗೆ ಕಳ್ಳರು ಕಾಣುವಂತೆ, ಕೆಟ್ಟುನಿಂತ ಮೇಲ್ಸೇತುವೆಯ ಲಿಫ್ಟು, ಆರಿದ ಬೀದಿದೀಪ, ಮುರಿದ ಕಾಲುದಾರಿಗಳೂ ಕಾಣಬೇಕು. ಎಷ್ಟು ದಿನಗಳಲ್ಲಿ ಅವು ದುರಸ್ತಾದವೆಂಬುದನ್ನು ತಿಂಗಳಿಗೊಮ್ಮೆ ಪ್ರಕಟಿಸಬೇಕು. ಯೋಜನೆಯು ಮುಗಿದ ಮೇಲೆ ಯಂತ್ರಗಳನ್ನು ನೋಡಿಕೊಳ್ಳುವವರು ಯಾರೆಂಬ ಪ್ರಶ್ನೆಗೆ ಸರಕಾರದವರು ಒಬ್ಬ ಅಧಿಕಾರಿಯ ಹುದ್ದೆಯನ್ನು ಹೆಸರಿಸಿ ಉತ್ತರ ಕೊಡಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಸುಲಭವಾದುದು, ಎಲ್ಲಕ್ಕಿಂತ ಕಡಿಮೆ ನಡೆದುದು. ವೃದ್ಧರನ್ನು ಕೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯವರು ವೃದ್ಧಸ್ನೇಹಿ ನಗರಗಳ ವಿಷಯವಾಗಿ ೨೦೦೭ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯನ್ನು ಕಚೇರಿಯಲ್ಲಿ ಕುಳಿತು ಬರೆಯಲಿಲ್ಲ. ಮೂವತ್ತಮೂರು ನಗರಗಳಲ್ಲಿ ವೃದ್ಧರನ್ನು ಕೂಡಿಸಿ ಅವರ ಮಾತನ್ನು ಕೇಳಿದರು. ನಮ್ಮ ದಿಲ್ಲಿ, ಉದಯಪುರಗಳೂ ಆ ಪಟ್ಟಿಯಲ್ಲಿದ್ದವು. ಪ್ರತಿ ವಾರ್ಡಿನಲ್ಲಿಯೂ ನಿವೃತ್ತ ಉಪಾಧ್ಯಾಯರು, ಗುಮಾಸ್ತರು, ದಾದಿಯರು ಇರುವರು. ಯಾವ ಚೌಕದಲ್ಲಿ ದೀಪವು ಬೇಗ ಆರುವುದು, ಯಾವ ತಿರುವಿನಲ್ಲಿ ಚಪ್ಪಡಿ ಅಲುಗಾಡುವುದು ಎಂಬುದು ಅವರಿಗೆ ಯಾವ ಕ್ಯಾಮೆರಾಕ್ಕಿಂತಲೂ ಚೆನ್ನಾಗಿ ಗೊತ್ತು. ಆಯುಕ್ತರು ವರ್ಷಕ್ಕೆ ಎರಡು ಸಲ ಅವರೊಡನೆ, ಮೋಟಾರಿನಲ್ಲಲ್ಲ, ಕಾಲ್ನಡಿಗೆಯಲ್ಲಿ ಅರ್ಧ ಮೈಲಿ ಹೋಗಿಬಂದರೆ ದೊಡ್ಡ ವರದಿಯ ಕೆಲಸವು ಒಂದೇ ಬೆಳಿಗ್ಗೆ ಮುಗಿದೀತು.

ಈ ಬೇಡಿಕೆಯು ವೃದ್ಧರೊಬ್ಬರದೇ ಎಂದು ಯಾರೂ ತಿಳಿಯಬಾರದು. ಗರ್ಭಿಣಿಯರು, ಕೈಗೂಸನ್ನೆತ್ತಿದ ತಾಯಂದಿರು, ಕಾಲು ಮುರಿದ ತರುಣರು, ತಲೆಯ ಮೇಲೆ ಹೊರೆ ಹೊತ್ತ ಕೂಲಿಯವರು, ಎಲ್ಲರೂ ಆ ಆರು ಸೆಕೆಂಡುಗಳಿಗೆ ಹಕ್ಕುದಾರರೇ. ಇಂದು ಆಜ್ಞಾಪತ್ರಗಳಿಗೆ ಸಹಿ ಹಾಕುತ್ತಿರುವ ಅಧಿಕಾರಿಗಳೂ, ಅವನ್ನು ಟೀಕಿಸುವ ನಾವೂ, ದೇವರು ಆಯುಸ್ಸು ಕೊಟ್ಟರೆ, ಹತ್ತಿಪ್ಪತ್ತು ವರ್ಷಗಳಲ್ಲಿ ಅದೇ ಚೌಕದ ಅಂಚಿನಲ್ಲಿ ಕೋಲೂರಿ ನಿಲ್ಲುವವರೇ. ಆ ದಿನಕ್ಕೆ ಬೇಕಾದ ದೀಪವನ್ನು ಹೊಂದಿಸುವ ಅಧಿಕಾರವು ಈಗ ಅವರ ಕೈಯಲ್ಲಿದೆ. ಸರಕಾರದವರೂ ನಗರಸಂಸ್ಥೆಗಳವರೂ ಮುಂಬರುವ ನವೆಂಬರಿನ ಒಳಗಾಗಿ, ಪಿಂಚಣಿದಾರರು ಬ್ಯಾಂಕಿನ ಕಡೆಗೆ ಹೆಜ್ಜೆ ಹಾಕುವ ಮೊದಲೇ, ಕನಿಷ್ಠಪಕ್ಷ ಆ ಮೊದಲನೆಯ ಆಜ್ಞೆಯನ್ನಾದರೂ ಹೊರಡಿಸುವರೆಂದು ನಾವು ನಿರೀಕ್ಷಿಸುತ್ತೇವೆ.